ಜೋಲಿಯಲ್ಲಿ ಮಲಗಿದ ಪಂಪು

ನಮ್ಮ ಕಡೆ ಯಾವುದರ ಬೆಲೆಯನ್ನಾದರೂ ರೇಷ್ಮೆಗೂಡಿನ ಲೆಕ್ಕದಲ್ಲಿ ಹೇಳುವುದು ರೂಢಿ. ಆ ಲೆಕ್ಕದಲ್ಲಿ ಮೊದಲ ಪಂಪಿಗೆ ನನಗೆ ಒಂದು ಮೊರ ಗೂಡೂ ಖರ್ಚಾಗಲಿಲ್ಲ. ಎರಡನೆಯದಕ್ಕೆ ಅರ್ಧ ಚೀಲ ಹೋಯಿತು. ಮೆದು ಕೊಳವೆ, ತಾಮ್ರದ ತಟ್ಟೆ, ಇಬ್ಬರು ಬೆಂಗಳೂರಿಗೆ ಹೋಗಿಬಂದ ಬಸ್ಸು, ಅಲ್ಲಿ ನನ್ನ ಹೆಂಡತಿ ಹಠ ಹಿಡಿದು ತಿಂದ ಮಸಾಲೆದೋಸೆ, ಎಲ್ಲ ಸೇರಿ ಉಳಿದರ್ಧ ಚೀಲ. ಪಂಪನ್ನು ನೇತುಹಾಕಿದ ಹಳೇ ಸೈಕಲ್ ಟ್ಯೂಬಿಗೆ ಮಾತ್ರ ಏನೂ ಬೀಳಲಿಲ್ಲ. ಅದು ಕೊಟ್ಟಿಗೆಯ ಗೂಟದಲ್ಲಿ ಎಷ್ಟೋ ವರ್ಷದಿಂದ ಸುಮ್ಮನೆ ಬಿದ್ದಿತ್ತು.

ನಾನು ನಾರೆಪ್ಪ. ಶಿಡ್ಲಘಟ್ಟದ ಹತ್ತಿರ ದೊಡ್ಡಗುಂಡ್ಲಹಳ್ಳಿಯಲ್ಲಿ ನಮ್ಮ ಹಿಪ್ಪುನೇರಳೆ ತೋಟ, ತೋಟದ ಪಕ್ಕ ಹುಳ ಮನೆ. ತೋಟ ನನ್ನದು, ಹುಳ ಮನೆ ನನ್ನ ಹೆಂಡತಿ ಪಿಳ್ಳಮ್ಮನದು. ಮದುವೆಯಾದಾಗಿನಿಂದ ಹಾಗೇ ನಡೆದುಬಂದಿದೆ. ಸೊಪ್ಪು ಕೊಯ್ದು ಬಾಗಿಲ ತನಕ ತರುವವರೆಗೆ ನಾನು ಯಜಮಾನ. ಹೊಸ್ತಿಲು ದಾಟಿದರೆ ಅವಳ ಆಳು.

ರೇಷ್ಮೆಹುಳ ಸೊಪ್ಪು ತಿನ್ನುವಾಗ ಸದ್ದಾಗುತ್ತದೆ. ರಾಗಿಯನ್ನು ಮೊರದಲ್ಲಿ ಮೆಲ್ಲಗೆ ಆಡಿಸಿದ ಹಾಗೆ. ನಮಗೆಲ್ಲ ಅದು ಒಂದೇ ಸದ್ದು. ಪಿಳ್ಳಮ್ಮನಿಗೆ ಹಾಗಲ್ಲ. ಬಾಗಿಲಲ್ಲಿ ಕಾಲು ತೊಳೆಯುತ್ತಲೇ ಒಳಗೆ ಹುಳ ಸಾಕುವ ಯಾವ ಸ್ಟ್ಯಾಂಡಿನಲ್ಲಿ ಸೊಪ್ಪು ಮುಗಿದಿದೆ, ಯಾವ ಮೂಲೆಯಲ್ಲಿ ಹುಳ ಸಪ್ಪಗಾಗಿದೆ ಎಂದು ಹೇಳುತ್ತಿದ್ದಳು. ಗೂಡು ಕಟ್ಟುವ ಮೊದಲು ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ನಾವು ಅದನ್ನು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳ ತಲೆಯೆತ್ತಿಕೊಂಡು ನಿದ್ದೆ ಮಾಡುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಎಲ್ಲ ಏಳುವ ಮೊದಲೇ ಸೊಪ್ಪು ಹಾಕಿದರೆ ಮಲಗಿರುವ ಹುಳ ಅದರಡಿ ಸಿಕ್ಕಿ ಕೊಳೆಯುತ್ತದೆ. ತಡವಾಗಿ ಹಾಕಿದರೆ ಎದ್ದದ್ದೆಲ್ಲ ಹಸಿದು ಸೊರಗುತ್ತದೆ. ಸರಿಯಾದ ಹೊತ್ತು ಹಿಡಿಯುವುದೇ ಈ ಕಸುಬಿನ ಗುಟ್ಟು. ಪಿಳ್ಳಮ್ಮ ಅದನ್ನು ಕಿವಿಯಲ್ಲಿ ಹಿಡಿಯುತ್ತಿದ್ದಳು. ಎದ್ದ ಹುಳ ಸೊಪ್ಪು ಹುಡುಕುತ್ತ ಓಡಾಡುವ ಸದ್ದು ಅವಳಿಗೆ ಕೇಳುತ್ತಿತ್ತು.

ಒಂದು ಕೆಟ್ಟ ಜ್ವರ ಅವಳಿಗೇ ಬಂತು. ಅವಳನ್ನು ಬಿಟ್ಟುಹೋಗುವಾಗ ಎರಡು ಕಿವಿಯನ್ನೂ ತೆಗೆದುಕೊಂಡು ಹೋಯಿತು. ಮುಖ ನೋಡಿ ಮಾತು ಹಿಡಿಯುವುದನ್ನು ಬೇಗ ಕಲಿತಳು. ಆದರೆ ಹುಳಕ್ಕೆ ತುಟಿಯಿಲ್ಲವಲ್ಲ. ಮುಂದಿನ ಬೆಳೆಯ ನಾಲ್ಕನೇ ಜ್ವರದಲ್ಲಿ ಕಣ್ಣಳತೆಯಲ್ಲಿ ನೋಡಿ, "ಎದ್ದವೆ, ಸೊಪ್ಪು ಹಾಕಿ" ಅಂದಳು. ಮೇಲಿನವು ಎದ್ದಿದ್ದವು, ಅಡಿಯವು ಎದ್ದಿರಲಿಲ್ಲ. ಅರ್ಧ ಮನೆಯ ಹುಳ ಗುಂಡಿಗೆ ಹೋಯಿತು. ಯಾರೂ ಅವಳನ್ನು ದೂರಲಿಲ್ಲ. ಆದರೂ ಅವಳು ಹುಳ ಮನೆಯನ್ನು ಸೊಸೆ ಸುಗುಣಳಿಗೆ ಬಿಟ್ಟು ಜಗಲಿ ಮೇಲೆ ಕೂತಳು. ಕಲ್ಲೇ ಇಲ್ಲದ ಬೇಳೆಯಲ್ಲಿ ಕಲ್ಲು ಹುಡುಕತೊಡಗಿದಳು.

ಸುಗುಣಳಿಗೂ ಇದರಲ್ಲಿ ಸುಖವಿರಲಿಲ್ಲ. ಒಳ್ಳೆ ಹುಡುಗಿ, ರವಿಕೆ ಹೊಲಿದರೆ ಊರೇ ಮೆಚ್ಚಬೇಕು. ಆದರೆ ಹುಳ ಮುಟ್ಟುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. "ಮಾವ, ಅತ್ತೇನ ಹೆಂಗಾದ್ರೂ ಮಾಡಿ ಒಳಕ್ಕೆ ಕರೀರಿ. ಈ ಹುಳದ ಜವಾಬ್ದಾರಿ ನನ್ನ ಕೈಲಾಗಲ್ಲ," ಅನ್ನುತ್ತಿದ್ದಳು. ಕರೆದರೆ ಪಿಳ್ಳಮ್ಮ ಬರುತ್ತಿರಲಿಲ್ಲ.

ಕಿವಿಪೆಟ್ಟಿಗೆಯ ಸುದ್ದಿ ಬಂದದ್ದು ಆಗ. ಈಗ ಎಷ್ಟೋ ಹುಳ ಮನೆಗಳಲ್ಲಿ ಅದಿದೆ. ಆಗ ನಮ್ಮ ರೇಷ್ಮೆ ಬೆಳೆಗಾರರ ಸಂಘದ ಕೈಯಲ್ಲಿ ಕೆಲವೇ ಇದ್ದವು. ಅದನ್ನು ತಂದವಳು ಮುಬೀನಾ, ಸಂಘದ ಇಂಜಿನಿಯರು. ಶಿಡ್ಲಘಟ್ಟದಲ್ಲಿ ಗೂಡು ಕೊಂಡು ನೂಲು ಬಿಚ್ಚುವವರ ಮನೆಯ ಹುಡುಗಿ, ಸ್ಕೂಟರಿನಲ್ಲಿ ಊರೂರು ಸುತ್ತುವವಳು. ಪ್ರತಿ ಸ್ಟ್ಯಾಂಡಿಗೂ ಕೊತ್ತಂಬರಿ ಬೀಜದಷ್ಟು ಸಣ್ಣ ಮೈಕುಗಳನ್ನು ಅಂಟಿಸಿದಳು. ಅವುಗಳ ಸದ್ದೆಲ್ಲ ಮೂಲೆಯ ಒಂದು ಪೆಟ್ಟಿಗೆಗೆ ಹೋಗುತ್ತದೆ. ಪೆಟ್ಟಿಗೆಯೊಳಗಿನ ಕಂಪ್ಯೂಟರು ತಿನ್ನುವ ಸದ್ದು, ಓಡಾಡುವ ಸದ್ದು, ರೋಗ ಹಿಡಿದ ಹುಳದ ಮಂದ ಸದ್ದು ಎಲ್ಲವನ್ನೂ ಬೇರೆ ಮಾಡಿ ಒಂದು ಬಟ್ಟೆಯ ಪಟ್ಟಿಗೆ ಕಳಿಸುತ್ತದೆ. ಪಟ್ಟಿಯನ್ನು ಮುಂಗೈಗೆ ಕಟ್ಟಿಕೊಂಡರೆ ಒಳಗಿನ ಸದ್ದು ಚರ್ಮದ ಮೇಲೆ ಮಿಡಿಯುತ್ತದೆ. ಮೊಣಕೈ ಕಡೆ ಮಿಡಿದರೆ ಬಾಗಿಲ ಹತ್ತಿರದ ಸ್ಟ್ಯಾಂಡು, ಬೆರಳ ಕಡೆ ಮಿಡಿದರೆ ಹಿಂದಿನ ಗೋಡೆಯದು.

"ಒಂದು ತೊಂದರೆ ಇದೆ ತಾತ," ಅಂದಳು ಮುಬೀನಾ. "ಇದು ಯೋಚನೆ ಮಾಡಿದಷ್ಟೂ ಬಿಸಿಯಾಗತ್ತೆ."

"ನನ್ನ ಹೆಂಡ್ತೀನೂ ಅಂಗೇನೆ. ಇದಕ್ಕೆ ಏನ್ ಮದ್ದು?"

"ಜೊತೆಗೊಂದು ಫ್ಯಾನ್ ಕೊಟ್ಟಿದಾರೆ."

ಫ್ಯಾನು ಹಾಕಿದ್ದೇ ತಡ, ನೆಲದ ಮೇಲೆ ಚೆಲ್ಲಿದ್ದ ಸುಣ್ಣದ ಪುಡಿ ಎದ್ದು ಹುಳ ಮನೆಯೆಲ್ಲ ಬಿಳಿ ಮೋಡವಾಯಿತು. ಹುಳ ಮನೆಯಲ್ಲಿ ಗಾಳಿ ಬೀಸಿದರೆ ರೋಗವೂ ಅದರ ಜೊತೆಗೇ ಓಡಾಡುತ್ತದೆ. ಬೇಳೆಯ ಮೊರ ಬಿಟ್ಟು ಓಡಿಬಂದ ಪಿಳ್ಳಮ್ಮ ವೈರನ್ನೇ ಕಿತ್ತಳು.

"ನಂಗೆ ಕಿವಿ ಇಲ್ಲದಿದ್ರೂ ನಡೀತದೆ, ಹುಳ ಉಳೀಲಿ," ಅಂದು ಮತ್ತೆ ಜಗಲಿಗೆ ಹೋದಳು.

ಮುಬೀನಾ ಕೆಮ್ಮುತ್ತ ಹೊರಗೆ ಬಂದಳು. "ಹಾಗಾದ್ರೆ ನೀರಲ್ಲೇ ತಂಪು ಮಾಡ್ಬೇಕು. ಬಿಸಿಯಾಗೋ ಜಾಗಕ್ಕೆ ಒಂದು ತಾಮ್ರದ ತಟ್ಟೆ ಅಂಟಿಸಿ, ಅದರೊಳಗೆ ನೀರು ಹರಿಸೋದು. ಆ ನೀರನ್ನ ಗೋಡೆಯಾಚೆ ನೆರಳಲ್ಲಿ ಒಂದು ಜಾಲರಿಗೆ ಬಿಟ್ರೆ ಆರಿ ವಾಪಸ್ ಬರತ್ತೆ. ಕಾರಿನ ರೇಡಿಯೇಟರ್ ಇದೆಯಲ್ಲ, ಹಾಗೆ. ನೀರು ತಿರುಗಿಸೋಕೆ ಒಂದು ಸಣ್ಣ ಪಂಪ್ ಸಾಕು. ಆದ್ರೆ ಅದು ಸದ್ದು ಮಾಡ್ಬಾರದು. ಪಂಪ್ ಕೂಗಿದ್ರೆ ಮೈಕಿಗೆ ಹುಳ ಕೇಳಿಸಲ್ಲ. ಪಂಪು, ಕೊಳವೆ ಎಲ್ಲ ನೀವೇ ಹಾಕಿಸ್ಬೇಕು, ಸಂಘ ಕೊಡಲ್ಲ."

"ಸರಿ ಬಿಡಮ್ಮ, ಬಾವಿಗೂ ಬೋರಿಗೂ ಪಂಪು ಇಳಿಸಿದೋನು ನಾನು."

"ಇನ್ನೊಂದು ಮಾತು ತಾತ. ಪೆಟ್ಟಿಗೆಗೆ ಬೇರೆ ಊರೋರು ಕಾಯ್ತಾ ಇದಾರೆ. ಈ ಬೆಳೆಯಲ್ಲಿ ನಾಲ್ಕನೇ ಜ್ವರ ಏಳೋದನ್ನ ಅಜ್ಜಿ ಪಟ್ಟಿ ನೋಡಿ ಸರಿಯಾಗಿ ಹೇಳಿದ್ರೆ ಪೆಟ್ಟಿಗೆ ನಿಮ್ಮದು. ಇಲ್ದಿದ್ರೆ ಎತ್ಕೊಂಡು ಹೋಗ್ಲೇಬೇಕು. ಬೇಜಾರ್ ಮಾಡ್ಕೋಬೇಡಿ."

ನಾನು ಜಗಲಿಯ ಕಡೆ ನೋಡಿದೆ. ಪಿಳ್ಳಮ್ಮ ಮುಬೀನಾಳ ತುಟಿಯನ್ನೇ ನೋಡುತ್ತಿದ್ದಳು. ನಾನು ನೋಡಿದ ತಕ್ಷಣ ಬೇಳೆಗೆ ಬಗ್ಗಿದಳು.

*

ಸಂತೆಯಲ್ಲಿ ಸಿಗುವ ಕೂಲರ್ ಪಂಪು ತಂದು ಹಾಕಿದೆ. ನನ್ನ ಕಿವಿಗೆ ಸದ್ದೇ ಇರಲಿಲ್ಲ. ಎರಡು ದಿನ ಬಿಟ್ಟು ಮುಬೀನಾ ನನ್ನನ್ನು ಸಂಘದ ಮಹಡಿಗೆ ಕರೆಸಿದಳು. ಅಲ್ಲಿ ಒಂದು ಕತ್ತಲೆ ಕೋಣೆ, ಗೋಡೆ ತುಂಬ ಪರದೆ. ಒಂದೊಂದು ಹುಳ ಮನೆಗೂ ಒಂದೊಂದು ಗೆರೆ, ಗೆರೆ ಕುಣಿದರೆ ಹುಳ ತಿನ್ನುತ್ತಿದೆ ಎಂದು ಅರ್ಥ. ನಮ್ಮ ಗೆರೆ ಒಂದೇ ಸಮನೆ ದಪ್ಪ ಹಗ್ಗದ ಹಾಗೆ ಬಿದ್ದಿತ್ತು.

ಅವಳು ನನ್ನ ಕಿವಿಗೆ ಹೆಡ್‌ಫೋನು ಸಿಕ್ಕಿಸಿದಳು. ಮೊದಲು ಮಳ್ಳೂರಿನ ಕಡೆಯ ಒಂದು ಮನೆ ಕೇಳಿಸಿದಳು. ಮೊರದಲ್ಲಿ ರಾಗಿ. ಎಷ್ಟು ನಿಚ್ಚಳವಾಗಿತ್ತೆಂದರೆ ನನ್ನ ಮೈಮೇಲೆಯೇ ಹುಳ ಬಿಟ್ಟ ಹಾಗಾಯಿತು. ಆಮೇಲೆ ನಮ್ಮ ಮನೆ. ಗುಂಯ್ ಅನ್ನುವ ಒಂದೇ ಸದ್ದು, ಟ್ರಾನ್ಸ್‌ಫಾರ್ಮರಿಗೆ ಕಿವಿ ಕೊಟ್ಟ ಹಾಗೆ. ಅದರಡಿ ಎಲ್ಲೋ ಹುಳ.

"ನಮ್ಮನೇಲಿ ಇದು ಕೇಳಲ್ವಲ್ಲಮ್ಮ?"

"ನಿಮಗೆ ಕೇಳಲ್ಲ. ಮೈಕು ಇರೋದು ಕಬ್ಬಿಣದ ಸ್ಟ್ಯಾಂಡಿನ ಮೇಲೆ. ಪಂಪಿನ ನಡುಕ ನೆಲ ಹಿಡಿದು, ಸ್ಟ್ಯಾಂಡ್ ಹಿಡಿದು ಅಲ್ಲಿಗೇ ಬರತ್ತೆ."

ಪಂಪನ್ನು ಗೋಡೆಯಾಚೆ ಇಟ್ಟೆ. ನಡುಕ ಗೋಡೆ ಹಿಡಿದು ಬಂತು. ಸಾಲದ್ದಕ್ಕೆ ಕೋತಿಗಳು ಕೊಳವೆ ಎಳೆದು ನೀರು ಕುಡಿದವು. ಮತ್ತೆ ಒಳಗೆ ತಂದೆ. ಅಷ್ಟರಲ್ಲಿ ಮೂರನೇ ಜ್ವರ ಹತ್ತಿರ ಬಂದಿತ್ತು. ಬೆಂಗಳೂರಿಗೆ ಹೋಗಿ ಬೇರೆ ಪಂಪು ತರದೆ ದಾರಿಯಿರಲಿಲ್ಲ.

ಪಿಳ್ಳಮ್ಮನನ್ನೂ ಹೊರಡಿಸಿದೆ. "ಕಿವುಡಿ ಬಂದು ಏನ್ ಮಾಡ್ಲಿ?" ಅಂದಳು. "ದೋಸೆ ತಿನ್ನೀವಂತೆ," ಅಂದೆ. ಎದ್ದು ಸೀರೆ ಬದಲಾಯಿಸಿದಳು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸದ್ದಿಲ್ಲದ ಪಂಪು ಹುಡುಕುವುದು ಅಂದರೆ ಜಾತ್ರೆಯಲ್ಲಿ ಪಿಸುಮಾತು ಕೇಳಲು ಹೋದ ಹಾಗೆ. ಆಟೋ, ತಳ್ಳುಗಾಡಿ, ಡ್ರಿಲ್ಲು, ಪ್ರತಿ ಅಂಗಡಿಯಲ್ಲೂ ಒಂದು ಹಾಡು. ಒಬ್ಬ ಅಂಗಡಿಯವನು ಕಂಪ್ಯೂಟರಿಗೆಂದೇ ಮಾಡಿದ ಪಂಪುಗಳನ್ನು ಮುಂದಿಟ್ಟು ಒಂದೊಂದನ್ನೂ ಬಕೆಟ್ಟಿನ ನೀರಿಗೆ ಕೊಳವೆ ಬಿಟ್ಟು ಓಡಿಸಿದ. ನಾನು ಕಿವಿ ಹಚ್ಚಿ ಕೇಳಿದೆ. ಎಲ್ಲವೂ ಒಂದೇ.

"ಎಲ್ಲಾ ಸೈಲೆಂಟ್ ಸಾರ್. ಕಣ್ ಮುಚ್ಚಿ ತಗೊಳ್ಳಿ."

"ಈ ಬೀದೀಲಿ ಎಮ್ಮೆ ಕೂಗಿದ್ರೂ ಸೈಲೆಂಟೇ ಕಣಪ್ಪ."

ಪಿಳ್ಳಮ್ಮ ನನ್ನನ್ನು ಪಕ್ಕಕ್ಕೆ ಸರಿಸಿದಳು. ಅವಳಿಗೆ ಆಟೋ ಇಲ್ಲ, ಡ್ರಿಲ್ಲಿಲ್ಲ, ಹಾಡಿಲ್ಲ. ಗಲ್ಲಾದ ಮೇಲೆ ಓಡುತ್ತಿದ್ದ ಪಂಪಿನ ಮೇಲೆ ಅಂಗೈ ಇಟ್ಟಳು. ಮುಖ ಹುಳಿ ಮಾಡಿದಳು. ಎರಡನೆಯದು, ಮೂರನೆಯದು. ಒಂದು ದಪ್ಪ ಪಂಪಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು.

"ಇದನ್ನ ಮೆಲ್ಲಗೆ ಓಡಿಸಕ್ಕಾಯ್ತದಾ ಕೇಳು."

ಅಂಗಡಿಯವನಿಗೆ ಆಶ್ಚರ್ಯ. "ಅಮ್ಮಾ, ಇದು ನಿಮಗೆ ಬೇಕಾದ್ದಕ್ಕಿಂತ ದೊಡ್ಡದು. ಸ್ಪೀಡ್ ಕಮ್ಮಿ ಮಾಡಬಹುದು. ಆದ್ರೆ ಸುಮ್ನೆ ಯಾಕೆ? ಚಿಕ್ಕದೇ ಸಾಕು."

ನಾನು ಅವಳಿಗೆ ಕೈಸನ್ನೆಯಲ್ಲಿ ತಿಳಿಸಿದೆ.

"ಚಿಕ್ಕೋನು ಓಡ್ಬೇಕು, ದೊಡ್ಡೋನು ನಡೆದ್ರೆ ಸಾಕು," ಅಂದಳು. "ಓಡೋನು ಏದುಸಿರು ಬಿಡ್ತಾನೆ."

ಅವನು ವೇಗ ಇಳಿಸಿದ. ಪಿಳ್ಳಮ್ಮ ಕೈಯಿಟ್ಟಳು. ಅವಳ ಮುಖ ಸಡಿಲವಾಯಿತು. ಅಂಗಡಿಯವನು ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ: "ಅಮ್ಮಂಗೆ ಕಿವಿ ಕೇಳಲ್ವಾ?"

"ಊಂ."

"ಸದ್ದು ನೋಡಿ ಪಂಪ್ ಆರಿಸಕ್ಕೆ ಕಿವಿ ಕೇಳದೋರನ್ನ ಕರ್ಕೊಂಡ್ ಬಂದಿದೀರಾ?"

"ಕೇಳೋನು ನಾನಿದ್ದೀನಲ್ಲ, ಏನ್ ಕಿಸಿದೆ?" ಅಂದೆ. ಅವನು ನಕ್ಕು, ನಾನು ಚೌಕಾಸಿ ಮಾಡದೆಯೇ ಬೆಲೆ ಸ್ವಲ್ಪ ಇಳಿಸಿಕೊಟ್ಟ.

*

ಪಂಪು ಆರಿಸುವುದು ಅರ್ಧ ಕೆಲಸ. ಕೂರಿಸುವುದು ಉಳಿದರ್ಧ. ಪಂಪು ಎಷ್ಟೇ ಒಳ್ಳೆಯದಾಗಲಿ, ಅದರ ನಡುಕ ಹಲಗೆಗೆ ತಾಗಿದರೆ ಹಲಗೆಯೇ ತಮಟೆಯಾಗುತ್ತದೆ. ಸ್ಪಂಜು ಇಟ್ಟೆ, ಹಳೇ ದುಪ್ಪಟಿ ಮಡಚಿಟ್ಟೆ. ಪ್ರತಿ ಸಲ ಪಿಳ್ಳಮ್ಮ ಸ್ಟ್ಯಾಂಡಿನ ಕಾಲು ಹಿಡಿದು, "ಬತ್ತಾ ಐತೆ," ಅನ್ನುವಳು. ಕೊನೆಗೆ ಸೈಕಲ್ ಟ್ಯೂಬನ್ನು ಎರಡು ಸೀಳು ಮಾಡಿ, ಮಣ್ಣು ಗೋಡೆಗೆ ಸೇರಿದ ಒಂಟಿ ತೊಲೆಗೆ ಕಟ್ಟಿ, ಪಂಪನ್ನು ಅದರಲ್ಲಿ ತೂಗುಬಿಟ್ಟೆ. ಎಲ್ಲಿಯೂ ತಾಗದಂತೆ ಕೊಳವೆಯನ್ನು ಸಡಿಲವಾಗಿ ಬಿಟ್ಟೆ.

ಪಿಳ್ಳಮ್ಮ ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಹೆತ್ತ ಮಗನ್ನ ಒಂದಿನಾನೂ ಜೋಲೀಲಿ ತೂಗಲಿಲ್ಲ. ಈಗ ಪಂಪು ತೂಗ್ತವ್ನೆ ನೋಡು."

ನೀರಿನ ಡಬ್ಬಿಯನ್ನು ಪಂಪಿಗಿಂತ ಎತ್ತರದಲ್ಲಿಟ್ಟೆವು, ಪಂಪು ಯಾವತ್ತೂ ಒಣಗಬಾರದಲ್ಲ. ಆದರೂ ಒಳಗೆ ಗಾಳಿಗುಳ್ಳೆ ಸಿಕ್ಕಿ ಗುಳುಗುಳು ಅನ್ನುತ್ತಿತ್ತು. ಪೆಟ್ಟಿಗೆ ಆರಿಸಿ, ಪಂಪನ್ನು ಮಾತ್ರ ಓಡಿಸಿ, ಆ ಕಡೆ ಈ ಕಡೆ ಓರೆ ಮಾಡಿದರೆ ಗುಳ್ಳೆ ಮೇಲೇರಿ ಡಬ್ಬಿಯಲ್ಲಿ ಒಡೆಯುತ್ತದೆ ಎಂದು ಮುಬೀನಾ ಫೋನಿನಲ್ಲಿ ಹೇಳಿದಳು. ಸುಗುಣ ಪಂಪನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು, ಹಾಲು ಕುಡಿದ ಮಗುವಿಗೆ ತೇಗು ಬರಿಸುವ ಹಾಗೆ. ಕೊನೆಯ ಗುಳ್ಳೆ ಬಂದ ಮೇಲೆ ಪಂಪು ಸುಮ್ಮನಾಯಿತು.

ಪಟ್ಟಿ ಕಟ್ಟಿಕೊಳ್ಳಲು ಪಿಳ್ಳಮ್ಮ ಒಲ್ಲೆ ಅನ್ನಲಿಲ್ಲ. ಒಪ್ಪಿದೆ ಅಂತಲೂ ಅನ್ನಲಿಲ್ಲ. ಕೈ ಮುಂದೆ ಚಾಚಿ ಬೇರೆ ಕಡೆ ನೋಡುತ್ತ ನಿಂತಳು. ಸುಗುಣ ಕಟ್ಟಿದಳು. ಆಗ ತಾನೇ ಸೊಪ್ಪು ಹಾಕಿತ್ತು.

ಪಿಳ್ಳಮ್ಮ ಕೈಯನ್ನು ಎದೆಗೆ ಒತ್ತಿಕೊಂಡು ಸ್ಟ್ಯಾಂಡುಗಳ ನಡುವೆ ಮೆಲ್ಲಗೆ ನಡೆದಳು. ಹಿಂದಿನ ಗೋಡೆಯ ತನಕ ಹೋಗಿ ತಿರುಗಿದಳು.

"ಸುಗುಣಾ, ಮೂಲೇದಕ್ಕೆ ಸೊಪ್ಪು ಕಮ್ಮಿ ಬಿದ್ದೈತೆ. ಕಳ್ಳಾಟ ಆಡ್ಬೇಡ."

ಸುಗುಣಳ ಕಣ್ಣಲ್ಲಿ ನೀರು ಬಂತು. "ಇಷ್ಟು ದಿನ ಆದ್ಮೇಲೆ ಅತ್ತೆ ನನ್ನ ಬೈದ್ರು ಮಾವ," ಅಂದಳು.

*

ಮೂರನೇ ಜ್ವರ ಸಲೀಸಾಗಿ ಕಳೆಯಿತು. ಹುಳ ಮಲಗಿದಾಗ ಪಟ್ಟಿ ತಣ್ಣಗಾಯಿತು. ಎದ್ದಾಗ ಮಿಡಿಯಿತು. ಪಿಳ್ಳಮ್ಮ ಮತ್ತೆ ಹುಳ ಮನೆಯ ಒಡತಿಯಂತೆ ಓಡಾಡತೊಡಗಿದಳು. ಆದರೆ ಪೆಟ್ಟಿಗೆ ಉಳಿಯುವುದು ನಾಲ್ಕನೇ ಜ್ವರದ ಮೇಲೆ ನಿಂತಿತ್ತು. ಅವಳ ಹುಳ ಕೊಳೆತದ್ದೂ ನಾಲ್ಕನೇ ಜ್ವರದಲ್ಲೇ. ಅದು ಅವಳ ಮನಸ್ಸಿನಲ್ಲಿತ್ತು.

ಹುಳವೆಲ್ಲ ನಾಲ್ಕನೇ ಜ್ವರಕ್ಕೆ ಕೂತಿತ್ತು. ಮರುದಿನ ಬೆಳಿಗ್ಗೆ ಒಳಗೆ ಹೋದ ಪಿಳ್ಳಮ್ಮ ತಕ್ಷಣ ಹೊರಗೆ ಬಂದಳು.

"ಹುಳ ಮಲಗವೆ. ಪಟ್ಟಿ ನೋಡಿದ್ರೆ ತಿಂತವೆ ಅಂತೈತೆ."

ಅಷ್ಟರಲ್ಲಿ ಮುಬೀನಾಳ ಫೋನು ಬಂತು. "ತಾತ, ನಿಮ್ಮ ಹುಳ ಇನ್ನೂ ಕೂತಿಲ್ವಾ? ಗೆರೆ ಕುಣೀತಾ ಇದೆ. ಮನೆಯೆಲ್ಲಾ ತಿಂತಾ ಇವೆ."

"ಸೊಪ್ಪೇ ಹಾಕಿಲ್ಲಮ್ಮ. ಏನ್ ತಿಂತವೆ, ಸ್ಟ್ಯಾಂಡಾ?"

ಸುಗುಣಳ ಮುಖ ಬಾಡಿತು. ಎದ್ದಿರುವ ಹುಳ ಹಸಿದಿದ್ದರೆ? ನಾನು ಸೊಪ್ಪಿನ ಹೊರೆ ಹೊತ್ತು ಬಾಗಿಲಲ್ಲೇ ನಿಂತೆ. ಎಲ್ಲರೂ ಪಿಳ್ಳಮ್ಮನ ಕಡೆ ನೋಡಿದೆವು.

ಅವಳು ಮತ್ತೆ ಒಳಗೆ ಹೋದಳು. ಹುಳ ತಲೆಯೆತ್ತಿಕೊಂಡು ಕಲ್ಲಿನಂತೆ ಕೂತಿದ್ದವು. ಮುಂಗೈ ಮಾತ್ರ ಮಿಡಿಯುತ್ತಿತ್ತು. "ಹೋದ ಸಲಾನೂ ಕಣ್ಣಲ್ಲಿ ನೋಡೇ ಹೇಳಿದ್ದೆ," ಅಂದಳು. "ಕಣ್ಣಿಗೆ ಮೋಸ ಆಯ್ತದೆ. ಇದು ಮಿಷಿನ್ನು, ಇದಕ್ಕೂ ಆಯ್ತದಾ?"

ಫೋನಿನ ಆ ಕಡೆ ಮುಬೀನಾ ಮತ್ತೆ ಪರದೆ ನೋಡಿದಳೆಂದು ಕಾಣುತ್ತದೆ. ಆಮೇಲೆ ಹೇಳಿದಳು: "ತಾತ, ಸೊಪ್ಪು ಹಾಕ್ಬೇಡಿ. ಹುಳ ತಿನ್ನೋವಾಗ ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಇರತ್ತೆ. ಇದು ಎಲ್ಲಾ ಕಡೆ ಒಂದೇ ತರ ಇದೆ. ನಾನು ಬರ್ತಾ ಇದೀನಿ."

ನಾನು ಅವಳ ಮಾತನ್ನು ತುಟಿಯಲ್ಲಿ ದಾಟಿಸಿದೆ. ಪಿಳ್ಳಮ್ಮ ಸೀದಾ ಜೋಲಿಯ ಹತ್ತಿರ ಹೋಗಿ ಪಂಪಿನ ಮೇಲೆ ಅಂಗೈ ಇಟ್ಟಳು. ಕೈ ಹಿಂದಕ್ಕೆ ತೆಗೆದಳು. "ಕರಕರ ಅಂತೈತೆ. ಬೆಂಗಳೂರಲ್ಲಿ ಇಂಗಿರಲಿಲ್ಲ."

ಮುಬೀನಾ ಬಂದು, ಕೈಕಾಲು ತೊಳೆದು, ಪೆಟ್ಟಿಗೆ ಆರಿಸಿ, ಪಂಪು ಬಿಚ್ಚಿದಳು. ಒಳಗೆ ಬಿಳಿ ಕೆಸರು. ತಿರುಗುವ ಚಕ್ರದ ಅಚ್ಚೆಲ್ಲ ಗೀರು. ಮರಳಿನಂಥ ಆ ಪುಡಿ ಉಜ್ಜಿದ ಸದ್ದನ್ನೇ ಕಂಪ್ಯೂಟರು ಹುಳ ತಿನ್ನುವ ಸದ್ದು ಅಂದುಕೊಂಡಿತ್ತು. ತಾಮ್ರದ ತಟ್ಟೆಯೂ ಹಸಿರುಗಟ್ಟಿತ್ತು. ಮುಬೀನಾ ಕೆಸರನ್ನು ಮೂಸಿದಳು.

"ಬ್ಲೀಚಿಂಗ್ ಪೌಡರ್. ಇದು ಡಬ್ಬಿಗೆ ಹೆಂಗೆ ಬಂತು?"

ಸುಗುಣ ಅತ್ತೆಯನ್ನು ನೋಡಿದಳು. ನಾನೂ ನೋಡಿದೆ. ಹುಳ ಮನೆಯ ಕಟ್ಟಳೆ ನಮಗೆಲ್ಲ ಗೊತ್ತು. ನೆಲ, ಗೋಡೆ, ಸ್ಟ್ಯಾಂಡು, ಬುಟ್ಟಿ, ಕತ್ತರಿ, ನಮ್ಮ ಪಾದ, ಬ್ಲೀಚಿಂಗ್ ನೀರು ಮುಟ್ಟದೆ ಏನೂ ಒಳಗೆ ಹೋಗುವ ಹಾಗಿಲ್ಲ.

ಪಿಳ್ಳಮ್ಮ ಸೆರಗು ಸರಿಮಾಡಿಕೊಂಡಳು. "ದಿನಾ ಒಂದು ಚಮಚ ಹಾಕ್ತಿದ್ದೆ. ಒಳಗೆ ಬರೋ ನೀರಲ್ವಾ, ಅದರಲ್ಲೂ ರೋಗ ಇರಬಹುದಲ್ಲ."

"ಅಜ್ಜೀ, ಅದು ಕೊಳವೆ ಒಳಗೇ ಸುತ್ತೋ ನೀರು. ಹುಳಕ್ಕೆ ಮುಟ್ಟೋದೇ ಇಲ್ಲ."

"ಅದು ನಂಗೆ ಗೊತ್ತು. ನೀರಿಗೆ ಗೊತ್ತಾ?"

ಮುಬೀನಾ ನಗಬಾರದು ಎಂದು ಬಾಯಿ ಮುಚ್ಚಿಕೊಂಡಳು. ಹುಳ ಮನೆಯಲ್ಲಿ ಯಾರೂ ಗಟ್ಟಿಯಾಗಿ ನಗುವುದಿಲ್ಲ. ಮೂವರು ಹೆಂಗಸರೂ ಹೊರಗೆ ಓಡಿಹೋಗಿ ಬೇಲಿಯ ಹತ್ತಿರ ನಿಂತು ನಕ್ಕರು. ಪಿಳ್ಳಮ್ಮ ಕಣ್ಣೊರೆಸಿಕೊಳ್ಳುತ್ತ ಬಂದಳು. ಆಮೇಲೆ ಅವಳ ನಗು ನಿಂತಿತು.

"ಪಂಪು ಸರಿಯಾಗೋದು ಯಾವಾಗ?"

"ಹೊಸ ಚಕ್ರ ತರಿಸ್ಬೇಕು. ಎರಡು ದಿನ."

"ಹುಳ ಇವತ್ತೇ ಏಳ್ತವೆ."

ಪಂಪಿಲ್ಲದೆ ಪೆಟ್ಟಿಗೆ ಓಡಿಸಿದರೆ ಸುಟ್ಟುಹೋಗುತ್ತದೆ. ಕೂಲರ್ ಪಂಪು ಹಾಕಿದರೆ ಗುಂಯ್ ಅನ್ನುತ್ತದೆ. ಪಿಳ್ಳಮ್ಮ ಪಟ್ಟಿ ಬಿಚ್ಚತೊಡಗಿದಳು.

"ಪಂಪು ಯಾಕೆ ಬೇಕು?" ಅಂದಳು ಸುಗುಣ. "ಮೇಲಿಂದ ಸುರಿದ್ರೆ ನೀರು ತಾನೇ ಇಳಿಯಲ್ವಾ? ಇಳಿದದ್ದನ್ನ ನಾವೇ ಹೊತ್ತು ಮೇಲೆ ಹಾಕಿದ್ರಾಯ್ತು."

ಮುಬೀನಾ ಅವಳನ್ನೇ ನೋಡಿದಳು. ಬೆರಳಲ್ಲಿ ಏನೋ ಲೆಕ್ಕ ಹಾಕಿದಳು. "ಸಣ್ಣಗೆ ಹರಿದ್ರೂ ಸಾಕು. ಆಗತ್ತೆ ಅಕ್ಕ. ಖಂಡಿತ ಆಗತ್ತೆ."

ತಟ್ಟೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದೆವು. ಹೊರಗಿನ ಮಾಳಿಗೆಗೆ ಡ್ರಮ್ಮು ಏರಿಸಿ ಅಲ್ಲಿಂದ ಕೊಳವೆ ಇಳಿಸಿದೆವು. ನೀರು ತಟ್ಟೆಯೊಳಗೆ ಹಾದು ಹೊರಗಿನ ಬಿಂದಿಗೆಗೆ ಬೀಳುತ್ತಿತ್ತು. ಬೀಳುವ ಸದ್ದು ಆಗದಿರಲೆಂದು ಬಿಂದಿಗೆಯೊಳಗೆ ಒಂದು ಪಂಚೆ ತುಂಬಿದೆ. ಅಕ್ಕಪಕ್ಕದ ಹೆಂಗಸರು ಏನು ಎಂದು ಕೇಳಲು ಬಂದವರು ಕೇಳದೆಯೇ ಬಿಂದಿಗೆ ಎತ್ತಿಕೊಂಡರು. ಏಣಿಗೆ ಗೋಣಿತಾಟು ಸುತ್ತಿದೆವು. ಬರಿಗಾಲಲ್ಲಿ, ಮಾತಿಲ್ಲದೆ, ಕೈಯಿಂದ ಕೈಗೆ ನೀರು ಮೇಲೇರಿತು. ಅಷ್ಟು ಹೆಂಗಸರು ಸೇರಿ ಒಂದು ಮಾತೂ ಆಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪಿಳ್ಳಮ್ಮ ಒಳಗೆ ಪಟ್ಟಿ ಕಟ್ಟಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಳು. ಈಗ ಪಟ್ಟಿ ತಣ್ಣಗಿತ್ತು.

ಬಾಗಿಲಲ್ಲಿ ನನಗೆ ಸೀನು ಬಂತು. ಎಷ್ಟು ತಡೆದರೂ ನಿಲ್ಲಲಿಲ್ಲ. ಪಟ್ಟಿಯಲ್ಲಿ ಅದೂ ಮಿಡಿದಿರಬೇಕು, ಪಿಳ್ಳಮ್ಮ ಕಣ್ಣು ಬಿಟ್ಟು, "ಯಾರೋ ಅದು ಸೀನಿದ್ದು, ಹೊರಕ್ಕೆ ಹೋಗು," ಅಂದಳು. ಹೋದೆ. ಹೆಂಗಸರೆಲ್ಲ ಬಾಯಿಗೆ ಸೆರಗು ಅದುಮಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಹುಳ ಅಲ್ಲಲ್ಲಿ ತಲೆಯಾಡಿಸಿದವು. ಸುಗುಣ ಸೊಪ್ಪು ಎತ್ತಿದಳು. ಪಿಳ್ಳಮ್ಮ ಬೇಡವೆಂದು ತಲೆಯಲ್ಲಾಡಿಸಿದಳು. ಬಿಸಿಲು ಇಳಿಯಿತು. ಕಾಣುವ ಹುಳವೆಲ್ಲ ಓಡಾಡುತ್ತಿತ್ತು. ನನಗೇ ತಡೆಯಲಾಗಲಿಲ್ಲ. ಬಾಗಿಲಿಂದ ಕೈಯಾಡಿಸಿ, ಹಾಕೋಣವೇ ಎಂದು ಕೇಳಿದೆ.

"ಹಿಂದಿನ ಗೋಡೇದು ಕೆಳಗಡೆ ಎದ್ದಿಲ್ಲ," ಅಂದಳು. ದನಿಯಲ್ಲಿ ಅನುಮಾನವಿರಲಿಲ್ಲ. ಮುಬೀನಾ ಬಗ್ಗಿ ಹುಳದಡಿಯ ಒಣಸೊಪ್ಪಿನ ಹಾಸಿಗೆ ಎತ್ತಿ ನೋಡಿ ನನಗೆ ಬೆರಳು ತೋರಿಸಿದಳು. ಅಡಿಯಲ್ಲಿ ಗುಂಪಾಗಿ ಇನ್ನೂ ಮಲಗಿದ್ದವು.

ಹೆಂಗಸರ ಕೈ ಸೋತಿತ್ತು. ಯಾರೂ ಬಿಂದಿಗೆ ಕೆಳಗಿಡಲಿಲ್ಲ. ಆಮೇಲೆ ಪಿಳ್ಳಮ್ಮನ ಮುಖದಲ್ಲಿ ಒಂದು ಕಳೆ ಬಂತು. ಮುಂಗೈಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು.

"ಎಲ್ಲಾ ಬಂದ್ವು. ಹಾಕ್ರೇ."

ಸೊಪ್ಪು ಬಿತ್ತು. ಹುಳ ಮೇಲಕ್ಕೆ ಹತ್ತಿದವು. ಮೊರದಲ್ಲಿ ರಾಗಿ ಆಡಿದಂತೆ ಸದ್ದು ಮೆಲ್ಲಗೆ ಎದ್ದು ಮನೆಯೆಲ್ಲ ತುಂಬಿತು. ಏಣಿಯ ಮೇಲಿದ್ದವರಿಗೂ ಅದು ಕೇಳಿತು. ಪಿಳ್ಳಮ್ಮ ನಮ್ಮೆಲ್ಲರಿಗಿಂತ ಮೊದಲೇ ನಗುತ್ತಿದ್ದಳು.

ಮುಬೀನಾ ಸ್ಕೂಟರು ಹತ್ತುವಾಗ ಪಿಳ್ಳಮ್ಮ ಅವಳ ತಲೆ ಸವರಿದಳು. "ಈ ಗೂಡು ಮಾರ್ಕೆಟ್ಟಿಗೆ ಬಂದಾಗ ನಿಮ್ಮಪ್ಪಂಗೆ ಹೇಳು, ಹರಾಜಲ್ಲಿ ಕಮ್ಮಿ ಕೂಗಿದ್ರೆ ನಿನ್ನ ಇಲ್ಲೇ ಇಟ್ಕೊಳ್ತೀನಿ."

"ಇಟ್ಕೊಳಿ ಅಜ್ಜಿ. ಪೆಟ್ಟಿಗೇನೂ ಇಲ್ಲೇ ಬಿಟ್ಟು ಹೋಗ್ತಿದೀನಲ್ಲ."

ಮೂರನೇ ದಿನ ಪಂಪಿಗೆ ಹೊಸ ಚಕ್ರ ಬಂತು. ಬ್ಯಾಟರಿಗೆ ಹಾಕುವ ಶುದ್ಧ ನೀರು ತುಂಬಿ ಮತ್ತೆ ಜೋಲಿಯಲ್ಲಿ ಮಲಗಿಸಿದೆ. ಡಬ್ಬಿಯ ಮುಚ್ಚಳಕ್ಕೆ ಸುಗುಣ ಒಂದು ಚೀಲ ಹೊಲಿದು, ಬಾಯಿಗೆ ದಾರ ಬಿಗಿದು ಗಂಟು ಹಾಕಿದಳು. ಗಂಟು ಬಿಚ್ಚಬಾರದೆಂದು ಅತ್ತೆಗೆ ಅವಳದೇ ಅಪ್ಪಣೆ. ಡ್ರಮ್ಮು ಮಾಳಿಗೆಯ ಮೇಲೆಯೇ ಇದೆ.

ಆ ಬೆಳೆಯಲ್ಲಿ ನಾವು ಕಳೆದುಕೊಂಡದ್ದು ಪಂಪಿನ ಒಂದು ಚಕ್ರ, ಹಸಿರುಗಟ್ಟಿದ ತಾಮ್ರದ ತಟ್ಟೆಯ ಅರ್ಧ ಆಯುಸ್ಸು, ನನ್ನ ಒಂದು ಒಳ್ಳೆ ಪಂಚೆ. ಗಳಿಸಿದ್ದು ಮನೆ ತುಂಬ ಗಟ್ಟಿ ಗೂಡು. ಸುಗುಣ ಹೊಲಿಗೆ ಮಿಷಿನ್ನಿಗೆ ವಾಪಸು ಹೋದಳು, ಪಿಳ್ಳಮ್ಮ ಹುಳ ಮನೆಗೆ. ನನ್ನ ಮಾತು ಅವಳಿಗೆ ಕೇಳುವುದಿಲ್ಲ, ಇನ್ನು ಮುಂದೆಯೂ ಕೇಳುವುದಿಲ್ಲ. ಹುಳದ ಮಾತು ಕೇಳುತ್ತದೆ.